ಗಾಜಿನ ಒಳಗಿನ ಮಂಜು

ನಮ್ಮ ನೆಂಟರ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ಪಾಯಸ ಬರುವಷ್ಟರಲ್ಲಿ ಒಂದು ಕಥೆ ಬಂದೇ ಬರುತ್ತದೆ. ಹಳೇಬೀಡಿನ ನಮ್ಮ ಅತ್ತೆ ಕಾರು ಕಲಿತು ವರ್ಷ ತುಂಬುವ ಮೊದಲೇ, ಡಿಸೆಂಬರಿನ ಒಂದು ಬೆಳಗ್ಗೆ, ರಸ್ತೆ ಬಿಟ್ಟು ಯಾರದೋ ಹೊಲದ ರಾಗಿ ಮೆದೆಗೆ ಕಾರು ನುಗ್ಗಿಸಿದರು. ಇಷ್ಟೇ ಕಥೆ. ಹೇಳುವವರ ಉತ್ಸಾಹಕ್ಕೆ ತಕ್ಕಂತೆ ಮೆದೆಯ ಎತ್ತರ ಮಾತ್ರ ಬದಲಾಗುತ್ತದೆ. ಹಳೇಬೀಡಿನಲ್ಲಿ ಅದು ಆಳೆತ್ತರ. ಬಾಣಾವರ ದಾಟುವಾಗ ಮನೆಯೆತ್ತರ. ಅರಸೀಕೆರೆಯ ನಮ್ಮ ಮನೆಗೆ ತಲುಪುವಷ್ಟರಲ್ಲಿ ಮೆದೆಯ ಮೇಲೊಬ್ಬ ಆಳು ಮಲಗಿದ್ದ, ಅವನು ಜಾರಿ ಬಾನೆಟ್ಟಿನ ಮೇಲೆ ಬಂದು ಕೂತ. ಕೊನೆಗೆ ಎಲೆ ಎತ್ತುವ ಮುಂಚೆ ತೀರ್ಪು: "ಐವತ್ತರ ಹತ್ರ ಬಂದ ಹೆಂಗಸಿಗೆ ಸ್ಟೇರಿಂಗ್ ಯಾಕೆ ಬೇಕಿತ್ತು?"

ಮೆದೆ ಬೆಳೆದಷ್ಟೂ ಕಥೆ ದುರ್ಬಲವಾಗುತ್ತದೆ ಎಂಬುದು ಇವರಲ್ಲಿ ಒಬ್ಬರಿಗೂ ಹೊಳೆದಿಲ್ಲ. ಮನೆಯಷ್ಟು ಎತ್ತರದ ವಸ್ತು ಎದುರಿಗಿದ್ದರೆ ಕಾರು ಓಡಿಸಲು ಬಾರದವರಿಗೂ ಕಾಣಬೇಕು. ಅತ್ತೆಗೆ ಕಾಣಲಿಲ್ಲ. ಏಕೆ ಕಾಣಲಿಲ್ಲ ಎಂದು ಯಾರೂ ಕೇಳಲಿಲ್ಲ. ಅವರೆಲ್ಲ ಕೇಳಿದ್ದು ಏಕೆ ಓಡಿಸಿದಳು ಎಂದು. ಎರಡೂ ಬೇರೆ ಬೇರೆ ಪ್ರಶ್ನೆಗಳು.

ನಾನು ಇಂಥದ್ದನ್ನು ಸುಮ್ಮನೆ ಬಿಡುವವಳಲ್ಲ. ಪಿಯುಸಿಯಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಐದು ಶೀಲ್ಡು ತಂದಿದ್ದೇನೆ. ಅವುಗಳಲ್ಲಿ ಒಂದನ್ನು ಅಮ್ಮ ಹಿಟ್ಟಿನ ಡಬ್ಬದ ಮುಚ್ಚಳಕ್ಕೆ ಭಾರವಾಗಿ ಇಟ್ಟಿದ್ದಾರೆ. ಉಳಿದ ನಾಲ್ಕರ ಉಪಯೋಗ ಇನ್ನೂ ಗೊತ್ತಾಗಿಲ್ಲ.

ಘಟನೆ ನಡೆದ ಮೂರನೆಯ ದಿನ ಅತ್ತೆಯೇ ಫೋನು ಮಾಡಿದರು. ನಾಳೆ ಹಾಲು ಬರುವುದಿಲ್ಲ ಎನ್ನುವಷ್ಟೇ ಸಹಜವಾಗಿ ಹೇಳಿದರು.

"ಕಾರು ಮಾರ್ತಾರಂತೆ ಕಣೇ ನಿಮ್ಮ ಮಾವ. ಭಾನುವಾರ ಬಾಣಾವರದಿಂದ ಯಾರೋ ನೋಡಕ್ಕೆ ಬರ್ತಾರೆ."

"ಕಾರು ನಿಮ್ಮ ಹೆಸರಲ್ಲಿದೆ, ಅತ್ತೆ."

"ಹೆಸರು ನಂದು. ಕೀ ಅವರ ಜೇಬಲ್ಲಿದೆ."

ಅತ್ತೆ ನನ್ನ ಅಪ್ಪನ ತಂಗಿ. ಗೆಂಡೆಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಹಳೇಬೀಡಿನಿಂದ ಬೇಲೂರಿಗೆ ಒಂದು ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಮೊದಲನೆಯದು ಐದು ನಿಮಿಷ ತಡವಾದರೆ ಎರಡನೆಯದರ ಹಿಂಭಾಗ ಮಾತ್ರ ಕಾಣುತ್ತದೆ. ಹದಿನೈದು ವರ್ಷ ಹೀಗೇ ಓಡಾಡಿದ ಮೇಲೆ ಅಪ್ಪ ಹೊಸ ಕಾರು ತೆಗೆದುಕೊಂಡಾಗ ಹಳೆಯ ಚಿಕ್ಕ ಕಾರನ್ನು ಇವರೇ ಕೇಳಿ ಪಡೆದರು. ನಲವತ್ತೆಂಟನೆಯ ವಯಸ್ಸಿನಲ್ಲಿ ಓಡಿಸಲು ಕಲಿತರು. ಮೊದಲ ತಿಂಗಳು ತಿರುವು ಬಂದಾಗೆಲ್ಲ ಬಾಯಲ್ಲಿ ಮಗ್ಗಿ ಹೇಳುತ್ತಿದ್ದರು. ಆಮೇಲೆ ಇನ್ನಿಬ್ಬರು ಟೀಚರುಗಳನ್ನೂ ಹತ್ತಿಸಿಕೊಂಡು ಹೋಗುವಷ್ಟು ಪಳಗಿದರು. ಆ ಕಾರು ಹೋದರೆ ಅವರಿಗೆ ಮತ್ತೆ ಬೇಲೂರು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚೇ ಗತಿ. ಅದನ್ನು ಅವರು ಫೋನಿನಲ್ಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ. ಶುಕ್ರವಾರ ಸಂಜೆ ಬಸ್ಸು ಹತ್ತಿದೆ.

ಮಾವ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಅವರಿಗಿರುವುದು ತೆಂಗು, ರಾಗಿ ಮತ್ತು ಅಭಿಪ್ರಾಯಗಳು. ಮೂರೂ ಸಮೃದ್ಧ.

"ಬಂದ್ಲಪ್ಪ ಲಾಯರಮ್ಮ. ನಿಮ್ಮತ್ತೆ ಕಡೆ ವಕಾಲತ್ತು ಹಾಕಕ್ ಬಂದ್ಯೇನವ್ವಾ?"

"ಮೊದ್ಲು ಕಾಫಿ, ಮಾವ. ಆಮೇಲೆ ವಕಾಲತ್ತು."

"ಕೇಸು ಮುಗ್ದೋಗೈತೆ. ನಾಡಿದ್ದು ಬಾಣಾವರದೋರು ಬತ್ತಾರೆ, ನೋಡ್ತಾರೆ, ತಗೊಂಡೋಯ್ತಾರೆ."

"ತೀರ್ಪು ಕೊಟ್ಟೋರು ಯಾರು?"

"ಮೆದೆ," ಎಂದು ಅವರು ಮುಂದಿನ ಕಾಯಿಗೆ ಕೈಹಾಕಿದರು.

ಒಳಗೆ ಕನ್ನಡಿಯ ಪಕ್ಕದ ಮೊಳೆ ಖಾಲಿಯಿತ್ತು. ಕಾರಿನ ಕೀ ತೂಗುತ್ತಿದ್ದುದು ಅಲ್ಲೇ. ಈಗ ಅದು ಮಾವನ ಅಂಗಿಯ ಜೇಬಿನಲ್ಲಿ, ಬೀಡಿಕಟ್ಟಿನ ಪಕ್ಕ. ಅಡುಗೆಮನೆಯಲ್ಲಿ ಅತ್ತೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ಸಾಕ್ಷಿಯ ವಿಚಾರಣೆಯನ್ನು ನಾನು ಅಲ್ಲಿಂದಲೇ ಶುರುಮಾಡಿದೆ.

"ಏನಾಯ್ತು, ಮೊದಲಿಂದ ಹೇಳಿ."

"ಗಾಜು ಮಂಜಾಯ್ತು. ರಸ್ತೆ ತಿರುಗಿದ್ದು ಕಾಣ್ಲಿಲ್ಲ. ನೇರ ಹೋದೆ. ಮೆದೆ ಇತ್ತು."

"ಹೊರಗೆ ಅಷ್ಟೊಂದು ಮಂಜಿತ್ತಾ?"

"ಇತ್ತು, ಅಷ್ಟೇನಿಲ್ಲ. ಹಾಲಿನ ವ್ಯಾನು ನನ್ನ ಮುಂದೇನೇ ಹೋಯ್ತು. ಅದಕ್ಕೆಲ್ಲಾ ಕಾಣ್ತಿತ್ತು."

"ಮತ್ತೆ?"

"ಒಳಗಡೆ ಕಣೇ. ಒಳಗಿನ ಗಾಜು ಬೆವರ್ತು. ಮೂರು ಜನ ಕೂತಿದ್ವಿ, ಚಳಿ ಅಂತ ಕಿಟಕಿ ಏರಿಸಿದ್ವಿ. ಸೆರಗಲ್ಲಿ ಒರೆಸ್ತೀನಿ, ಒಂದು ನಿಮಿಷ ಕಾಣುತ್ತೆ, ಮತ್ತೆ ಬೆಳ್ಳಗೆ."

"ಬ್ಲೋವರ್ ಹಾಕ್ಬೇಕಿತ್ತು."

ಡ್ಯಾಶ್‌ಬೋರ್ಡಿನ ಒಳಗಿರುವ ಆ ಫ್ಯಾನು ಹೀಟರಿನ ಬಿಸಿಗಾಳಿಯನ್ನು ಎದುರಿನ ಗಾಜಿಗೆ ಊದುತ್ತದೆ. ಎರಡು ನಿಮಿಷದಲ್ಲಿ ಗಾಜು ಒಣಗುತ್ತದೆ. ಅತ್ತೆ ರೊಟ್ಟಿ ತಿರುವಿ ಹಾಕಿದರು.

"ಅದು ಓಡಲ್ಲ."

"ಮಾವಂಗೆ ಹೇಳ್ಲಿಲ್ವಾ?"

"ಅಲ್ಲೇ ಹೇಳ್ದೆ. 'ಬ್ಲೋವರ್ ನಾನೇ ರಿಪೇರಿ ಮಾಡಿದೀನಲ್ಲ' ಅಂದ್ರು. ಸುತ್ತ ಹತ್ತು ಜನ ನಿಂತಿದ್ರು. ಅವರ ಮುಂದೆ ವಾದ ಮಾಡ್ಲಾ?"

"ಮಾಡ್ಬೇಕಿತ್ತು."

"ನೀನಾಗಿದ್ರೆ ಮಾಡ್ತಿದ್ದೆ ಬಿಡು. ಮೆದೆ ಒಳಗೆ ಕೂತ್ಕೊಂಡೇ ಮಾಡ್ತಿದ್ದೆ." ಆಮೇಲೆ ಸ್ವಲ್ಪ ನಕ್ಕು, "ಅವರು ಹೆದರಿಬಿಟ್ಟಿದ್ರು ಕಣೇ. ಫೋನು ಬಂದ ತಕ್ಷಣ ಬೈಕಲ್ಲಿ ಬಂದವ್ರೆ, ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಇನ್ನೊಂದು ಇನ್ನೂ ಸಿಕ್ಕಿಲ್ಲ," ಎಂದರು.

ನಾನು ಚಪ್ಪಲಿಯ ವಿಷಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ವಾದಕ್ಕೆ ಅದರಿಂದ ಉಪಯೋಗವಿರಲಿಲ್ಲ. ಮಾವನನ್ನು ಮಾತಿನಿಂದ ಒಪ್ಪಿಸಲು ಆಗದು ಎಂಬುದು ಖಚಿತವಾಗಿತ್ತು, ಅವರಿಗೆ ತೋರಿಸಬೇಕು.

ಶನಿವಾರ ಅತ್ತೆ ಶಾಲೆಗೆ ರಜೆ ಹಾಕಿದರು. ಬೆಳಗ್ಗೆ ಆರೂವರೆಗೆ ಕೆರೆಯ ಕಡೆಯಿಂದ ಚಳಿ ಎದ್ದು ಬಂದು ಅಂಗಳದಲ್ಲೇ ಕೂತಿತ್ತು. ಕಾರು ಮಾವನ ಸ್ವಂತ ಮೆದೆಗೆ ಎದುರಾಗಿ, ಇಪ್ಪತ್ತಡಿ ದೂರದಲ್ಲಿ ನಿಂತಿತ್ತು. ನಾನು ಮೂರು ಲೋಟ ಕಾಫಿ ಹಿಡಿದು ಹೋಗಿ, "ಮಾವ, ಇವತ್ತು ಕಾಫಿ ಕಾರಲ್ಲಿ ಕುಡಿಯಣ. ನೀವು ಡ್ರೈವರ್ ಸೀಟಲ್ಲಿ ಕೂತ್ಕೊಳಿ," ಎಂದೆ.

"ನಂಗೆ ಓಡ್ಸಕ್ ಬರಕ್ಕಿಲ್ಲ ಕಣವ್ವಾ."

"ಓಡ್ಸೋದು ಬೇಡ. ಉಸಿರಾಡಿದ್ರೆ ಸಾಕು."

ಕಿಟಕಿಗಳನ್ನು ಏರಿಸಿದೆವು. ಅತ್ತೆ ಹಿಂದೆ, ನಾನು ಪಕ್ಕದಲ್ಲಿ. ಈ ಸಲ ಕೊಬ್ಬರಿ ಹೇಗಿದೆ ಎಂದು ಒಂದು ಮಾತು ಕೇಳಿದ್ದಕ್ಕೆ ಮಾವ ಎಂಟು ನಿಮಿಷ ಉತ್ತರ ಕೊಟ್ಟರು. ನನಗೆ ಬೇಕಾಗಿದ್ದೂ ಅದೇ. ಮೂರು ಲೋಟದ ಹಬೆ, ಮೂವರ ಉಸಿರು, ಮೇಲೆ ಕೊಬ್ಬರಿಯ ಬಗ್ಗೆ ಭಾಷಣ. ಗಾಜು ಅಂಚುಗಳಿಂದ ಬೆಳ್ಳಗಾಗುತ್ತ ಬಂದು ನಡುವಿನಲ್ಲಿ ಮುಚ್ಚಿಕೊಂಡಿತು.

"ಎದುರಿಗೆ ಏನೈತೆ ಹೇಳಿ, ಮಾವ."

ಅವರು ಮಾತು ನಿಲ್ಲಿಸಿ ನೋಡಿದರು. "ಏನೈತೆ, ಬೆಳ್ಳಗೈತೆ."

"ನಿಮ್ಮ ಅಂಗಳ. ನಿಮ್ಮ ಮೆದೆ."

ಅಂಗೈಯಲ್ಲಿ ಒರೆಸಿದರು. ರೊಟ್ಟಿಯಗಲದ ಕಿಂಡಿಯೊಂದು ತೆರೆದು, ಅದರಲ್ಲಿ ಮೆದೆಯ ತುದಿ ಕಂಡು, ನೋಡನೋಡುತ್ತಿದ್ದಂತೆ ಮಸುಕಾಯಿತು. ಇನ್ನೊಮ್ಮೆ ಒರೆಸಿದರು. ಅದೇ ಕಥೆ.

"ಬ್ಲೋವರ್ ಹಾಕುದ್ರೆ ಓಯ್ತದೆ," ಎಂದು ಜೇಬಿನಿಂದ ಕೀ ತೆಗೆದು ಕೊಟ್ಟರು. ನಾನು ಕೀ ತಿರುಗಿಸಿದೆ. ಅವರು ಫ್ಯಾನಿನ ಗುಂಡಿಯನ್ನು ಒಂದಕ್ಕೆ ತಂದರು. ಎರಡಕ್ಕೆ. ಮೂರಕ್ಕೆ. ನಾಲ್ಕಕ್ಕೆ. ಮತ್ತೆ ಸೊನ್ನೆಗೆ ತಂದು, ಒಂದರಿಂದ ಮರಳಿ ಎಣಿಸಿದರು. ಹೊರಗೆ ಹಸು ಕೊರಳಾಡಿಸಿದ ಗಂಟೆ ಬಿಟ್ಟರೆ ಇನ್ನೊಂದು ಸದ್ದಿಲ್ಲ.

"ನಾನು ರಿಪೇರಿ ಮಾಡ್ದಾಗ ಓಡ್ತು."

"ಎಷ್ಟು ಹೊತ್ತು ಓಡ್ತು?"

"ಹಾಕ್ದೆ, ಓಡ್ತು, ಆಫ್ ಮಾಡ್ದೆ."

ಹಿಂದಿನ ಸೀಟಿನಲ್ಲಿ ಅತ್ತೆ ಕಾಫಿ ಸೊರ್ ಎಂದು ಹೀರಿದರು. ನಾನು ಗೆದ್ದೆ ಅಂದುಕೊಂಡೆ. ಆದರೆ ಮಾವ ಯಾವ ಕಾಲೇಜಿಗೂ ಹೋಗದೆ ಒಂದು ವಿದ್ಯೆ ಕಲಿತಿದ್ದರು: ಎದುರಾಳಿಯ ಸಾಕ್ಷ್ಯವನ್ನು ಪೂರ್ತಿ ಒಪ್ಪಿಕೊಂಡು ತೀರ್ಪನ್ನು ಮಾತ್ರ ತಮ್ಮ ಕಡೆಗೆ ಎಳೆದುಕೊಳ್ಳುವುದು.

"ಸರಿ ಕಣವ್ವಾ. ಗಾಜು ಮಂಜಾಯ್ತದೆ, ಕಾಣಕ್ಕಿಲ್ಲ. ಒಪ್ಕೊಂಡೆ. ಅದಕ್ಕೇ ನಾನೇಳಿದ್ದು, ಈ ಕಾರು ಬ್ಯಾಡ ಅಂತ."

"ಬ್ಲೋವರ್ ಸರಿಯಾದ್ರೆ?"

"ಸರಿಯಾಗಿದ್ದು ಯಾಕೆ ಕೆಟ್ಟೋಯ್ತು? ಅದು ಗೊತ್ತಾಗಲಿ ಮೊದ್ಲು. ಇವಳು ಕಂಡಿದ್ದೆಲ್ಲಾ ಒತ್ತಿ, ತಿರುಗ್ಸಿ ಕೆಡಿಸಿದ್ರೆ, ಇವತ್ತು ಇದು, ನಾಳೆ ಬ್ರೇಕು." ಬೆರಳು ಎತ್ತಿದರು. "ಇವಳ ಕೈಯಿಂದ ಕೆಟ್ಟಿದ್ದಲ್ಲ ಅಂತ ತೋರ್ಸು. ಬಾಣಾವರದೋರಿಗೆ ಬರಬ್ಯಾಡಿ ಅಂತ ನಾನೇ ಫೋನ್ ಮಾಡ್ತೀನಿ. ಇವಳ ಕೈಯಿಂದ್ಲೇ ಅಂತಾದ್ರೆ, ನೀನು ಬಾಯಿ ಬಿಡಂಗಿಲ್ಲ."

ನಾನು ಒಪ್ಪಿದೆ. ಒಪ್ಪುವ ಮುಂಚೆ ಅತ್ತೆಯನ್ನು ಕೇಳಲಿಲ್ಲ. ಹೊರಗೆ ಬಂದ ಮೇಲೆ ಹೊಳೆಯಿತು.

ಬೇಲೂರು ರಸ್ತೆಯಲ್ಲಿ ಕಾರುಗಳ ವೈರಿಂಗ್ ಕೆಲಸದವರೊಬ್ಬರಿದ್ದರು. ಅಂಗಡಿಗೆ ಬೋರ್ಡಿಲ್ಲ, ಹೊರಗೆ ಸಾಲಾಗಿ ಕೂತ ಹಳೆಯ ಬ್ಯಾಟರಿಗಳೇ ಬೋರ್ಡು. ಬಿಸಿಲು ಬಂದ ಮೇಲೆ, ಕಿಟಕಿಗಳನ್ನು ಪೂರ್ತಿ ಇಳಿಸಿ, ಅತ್ತೆಯೇ ಕಾರು ಓಡಿಸಿಕೊಂಡು ಬಂದರು. ಮಾವ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಇಲ್ಲದ ಬ್ರೇಕು ಒತ್ತುತ್ತಿದ್ದರು.

ಆ ಮೆಕ್ಯಾನಿಕ್ಕು ಅರವತ್ತರ ಆಸುಪಾಸಿನ ನಿಧಾನಸ್ಥ. ನಾನು ಹಿಂದಿನ ದಿನವೇ ಫೋನಿನಲ್ಲಿ ಓದಿ ಸಿದ್ಧಳಾಗಿದ್ದೆ. ಮೋಟರಿಗೆ ಕರೆಂಟು ದಾಟಿಸುವ ಬ್ರಷ್ಷು ಸವೆದಿರುತ್ತದೆ, ಮೋಟರು ಸುಟ್ಟಿದೆ, ಹೊಸದು ಹಾಕಬೇಕು, ಇದಕ್ಕೂ ಓಡಿಸುವವರಿಗೂ ಸಂಬಂಧವಿಲ್ಲ ಎಂದು ಮೂರು ನಿಮಿಷದಲ್ಲಿ ಮಂಡಿಸಿದೆ. ಅವರು ಕೈ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದರು.

"ಎಲ್ಲಾ ನೀವೇ ಹೇಳ್ಬಿಟ್ರಿ. ನಾನೇನು ಮಾಡ್ಲಿ ಈಗ?"

"ಪರೀಕ್ಷೆ ಮಾಡಿ."

"ಅದನ್ನ ಮೊದ್ಲೇ ಮಾಡಿ, ಆಮೇಲೆ ನೀವು ಮಾತಾಡಿದ್ರೆ ಚೆನ್ನಾಗಿರ್ತಿತ್ತು," ಎಂದು ನನ್ನನ್ನು ದಾಟಿಕೊಂಡು ಅತ್ತೆಯ ಹತ್ತಿರ ಹೋದರು. "ಓಡ್ಸೋರು ನೀವಾ, ಮೇಡಮ್? ನಿಲ್ಲಕ್ ಮುಂಚೆ ಹೆಂಗಿತ್ತು?"

"ದಸರಾ ಆದ್ಮೇಲೆ ಕಟಕಟ ಅಂತಿತ್ತು. ಸೈಕಲ್ ಚಕ್ರಕ್ಕೆ ರಟ್ಟು ಸಿಕ್ಕಿಸಿದ್ರೆ ಬರುತ್ತಲ್ಲ, ಹಂಗೆ. ಆಮೇಲೆ ಗಾಳಿ ಕಮ್ಮಿಯಾಯ್ತು. ದೀಪಾವಳಿ ಹೊತ್ತಿಗೆ ನಿಂತ್ಹೋಯ್ತು. ಇವರು ಏನೋ ಮಾಡಿದ್ರು, ಎರಡು ದಿನ ಅಷ್ಟಿಷ್ಟು ಓಡ್ತು, ಸುಟ್ಟ ವಾಸನೆ ಬಂತು, ಮತ್ತೆ ನಿಂತ್ಹೋಯ್ತು."

ಸದ್ದು, ವೇಗ, ವಾಸನೆ, ದಿನ, ಎಲ್ಲ ಕ್ರಮವಾಗಿ. ಇಷ್ಟನ್ನು ಅವರು ತಲೆಯಲ್ಲಿ ಇಟ್ಟುಕೊಂಡಿದ್ದರು. ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನು ವಿಚಾರಣೆ ಮಾಡಿದ್ದೆನಲ್ಲ, ಅಡುಗೆಮನೆಯಲ್ಲಿ. ನಾನು ಕೇಳಿದ್ದೆಲ್ಲ ಮೆದೆಯ ಬೆಳಗಿನ ಬಗ್ಗೆ.

ಮೆಕ್ಯಾನಿಕ್ಕು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಫ್ಯೂಸುಗಳ ಪೆಟ್ಟಿಗೆ ತೆಗೆದರು. ಬಣ್ಣಬಣ್ಣದ ಸಣ್ಣ ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಒಂದನ್ನು ಎರಡೇ ಬೆರಳಲ್ಲಿ ಎಳೆದು ಬೆಳಕಿಗೆ ಹಿಡಿದರು. ಅದಕ್ಕೆ ತಾಮ್ರದ ತಂತಿಯ ಎಳೆಗಳನ್ನು ಅಚ್ಚುಕಟ್ಟಾಗಿ ಸುತ್ತಲಾಗಿತ್ತು.

"ಇದನ್ಯಾರು ಕಟ್ಟಿದ್ದು?"

ಮಾವ ಬೇಲೂರಿಗೆ ಹೋಗುವ ಬಸ್ಸನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಮಾವ," ಎಂದೆ.

"ಏನೀಗ? ಫ್ಯೂಸ್ ಓಗಿತ್ತು, ಕಟ್ಟಿವ್ನಿ. ಮೂವತ್ತು ವರ್ಷದಿಂದ ಪಂಪ್‌ಸೆಟ್ಟಿಗೆ ಇಂಗೇ ಕಟ್ತಾ ಇವ್ನಿ."

ತೋಟದ ಪಂಪಿನ ಫ್ಯೂಸು ಹೋದರೆ ನಮ್ಮ ಕಡೆ ಯಾರೂ ಯಾರನ್ನೂ ಕರೆಯುವುದಿಲ್ಲ. ಕೈಗೆ ಸಿಕ್ಕಿದ ವೈರಿನಿಂದ ನಾಲ್ಕು ಎಳೆ ಬಿಡಿಸಿ ಸುತ್ತಿ, ಚಪ್ಪಲಿ ಮೆಟ್ಟಿಕೊಂಡು ಸ್ವಿಚ್ ಒತ್ತುವುದು. ಅದು ಗೊತ್ತಿಲ್ಲದವನು ಬೇಸಾಯಗಾರನೇ ಅಲ್ಲ. ಮಾವ ಆ ವಿದ್ಯೆಯನ್ನು ಕಾರಿಗೂ ದಾನ ಮಾಡಿದ್ದರು.

"ಪಂಪ್‌ಸೆಟ್ಟು ಸುಟ್ರೆ ಬಾವಿ ತಾವ ಸುಡ್ತದೆ, ಯಜಮಾನ್ರೆ," ಎಂದರು ಮೆಕ್ಯಾನಿಕ್ಕು. "ಇದು ಸುಟ್ರೆ ಮೇಡಮ್ಮೋರ ಮೊಣಕಾಲ್ ತಾವ. ಫ್ಯೂಸು ಏನೋ ಹೇಳಕ್ ಬಂದಿತ್ತು. ನೀವು ಅದರ ಬಾಯಿ ಕಟ್ಟಿದ್ರಿ."

ಮಾವ ಅತ್ತೆಯ ಮೊಣಕಾಲಿನ ಕಡೆ ಒಮ್ಮೆ ನೋಡಿ ಮುಖ ತಿರುಗಿಸಿದರು. ನಾನು ಆ ನೋಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಎದ್ದು ನಿಂತೆ.

"ಅಲ್ಲಿಗೆ ಗೊತ್ತಾಯ್ತಲ್ಲ ಯಾರ ಕೈಯಿಂದ ಕೆಟ್ಟಿದ್ದು ಅಂತ. ಫೋನ್ ಮಾಡಿ, ಮಾವ."

"ಸ್ವಲ್ಪ ಇರಮ್ಮ," ಎಂದರು ಮೆಕ್ಯಾನಿಕ್ಕು. "ತಂತಿ ಕಟ್ಟಿದ್ದು ಆಮೇಲೆ. ಅದಕ್ಕೂ ಮೊದ್ಲು ಒಳ್ಳೆ ಫ್ಯೂಸು ಸುಟ್ಟಿತ್ತಲ್ಲ. ಅದ್ಯಾಕೆ ಸುಡ್ತು?"

ಅದು ನಾನು ಕೇಳಬೇಕಾದ ಪ್ರಶ್ನೆಯಾಗಿತ್ತು.

ಅವರ ಹತ್ತಿರ ದೊಡ್ಡ ಯಂತ್ರವೇನೂ ಇರಲಿಲ್ಲ. ಹೋಲ್ಡರಿನಲ್ಲಿ ಕೂತ ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ವೈರು. ಅದನ್ನು ಟೆಸ್ಟ್ ಲ್ಯಾಂಪ್ ಎನ್ನುತ್ತಾರೆ. ಪಕ್ಕದ ಸೀಟಿನ ಮುಂದಿನ ಡಬ್ಬ ಬಿಚ್ಚಿ, ಅದರ ಕೆಳಗೆ ಮೋಟರಿಗೆ ಹೋಗುವ ವೈರಿನ ಪ್ಲಗ್ಗು ಕಳಚಿದರು. ಪ್ಲಗ್ಗಿನ ಒಂದು ಮೂಲೆ ಕರಗಿ ಬೆಲ್ಲದಂತಾಗಿತ್ತು. ಬಲ್ಬಿನ ಎರಡು ವೈರನ್ನು ಅದಕ್ಕೆ ತಾಗಿಸಿ, "ನಾಲ್ಕಕ್ಕೆ ಹಾಕಿ," ಎಂದರು. ಅತ್ತೆ ಹಾಕಿದರು. ಬಲ್ಬು ಉರಿಯಿತು.

"ಕರೆಂಟು ಬತ್ತಾ ಐತೆ. ಸ್ವಿಚ್ ಸರಿಯೈತೆ, ವೈರ್ ಸರಿಯೈತೆ. ಮೇಡಮ್ಮೋರು ಒತ್ತಿ ತಿರುಗ್ಸಿ ಕೆಡ್ಸಿಲ್ಲ."

ನಾನು ಮಾವನನ್ನು ನೋಡಿದೆ. ಮಾವ ಬಲ್ಬನ್ನು ನೋಡುತ್ತಿದ್ದರು.

ಪ್ಲಗ್ಗು ಮತ್ತೆ ಸಿಕ್ಕಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಬೆನ್ನಿಗೆ ಟಕ್ ಟಕ್ ಎಂದು ಎರಡು ಪೆಟ್ಟು ಕೊಟ್ಟರು. ಒಳಗಿನಿಂದ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ 'ಗುಂಯ್' ಎಂದು ಒಂದು ಸದ್ದು ಬಂದು ನಿಂತಿತು. ಕೂಡಲೇ ಸ್ವಿಚ್ ಆಫ್ ಮಾಡಿಸಿದರು.

"ಮೋಟ್ರು ಬದುಕೈತೆ. ತಿರುಗಕ್ ನೋಡ್ತದೆ, ಆಗ್ತಿಲ್ಲ. ಯಾರೋ ಹಿಡ್ಕೊಂಡವ್ರೆ."

"ಯಾರು?" ಎಂದೆ. ವೇದಿಕೆಯ ದನಿ ತಾನಾಗಿ ಬಂದಿತ್ತು. "ಅದೇ ಗೊತ್ತಾಗ್ಬೇಕು. ಹಿಂದುಮುಂದು ನೋಡ್ದೆ ಅತ್ತೆ ತಲೆಗೆ ಕಟ್ಟಿದ್ರಲ್ಲ, ನಿಜವಾಗಿ ಮಾಡಿದೋರು ಯಾರು ಅಂತ ಇವತ್ತು, ಇಲ್ಲೇ, ಎಲ್ಲರ ಮುಂದೆ ಗೊತ್ತಾಗ್ಬೇಕು. ಯಾರೇ ಆಗಿರ್ಲಿ, ನಾನು ಬಿಡಲ್ಲ."

"ಬಿಡಬ್ಯಾಡಿ," ಎಂದು ಅವರು ಮೂರು ಸ್ಕ್ರೂ ಬಿಚ್ಚಿದರು.

ಮೋಟರು ಕೆಳಗಿಳಿಯುವ ಮೊದಲೇ ಅದರ ಸುತ್ತಲಿಂದ ಅವರ ತೊಡೆಯ ಮೇಲೆ ಸುರಿಯತೊಡಗಿತು. ಒಣಗಿ ಕಂದಾದ ಚೆಂಡುಹೂವಿನ ಎಸಳು. ಹಿಡಿ ಹಿಡಿ ತೆಂಗಿನ ನಾರು. ಇಲಿಯ ಹಿಕ್ಕೆ. ಹುರಿಗಡಲೆಯ ಚೂರು. ಆಮೇಲೆ ಫ್ಯಾನಿನ ರೆಕ್ಕೆಗಳ ನಡುವೆ ನೀರು ಕುಡಿದು, ಉಬ್ಬಿ, ಒಣಗಿ ಕಲ್ಲಾಗಿ ಅಂಟಿಕೊಂಡಿದ್ದ ಪುರಿ.

"ಇಲಿ ಸಂಸಾರ," ಎಂದರು ಮೆಕ್ಯಾನಿಕ್ಕು. "ಮನೆ ಖಾಲಿ ಮಾಡ್ಕೊಂಡು ಹೋಗವೆ. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗೆ, ಜಾಲರಿ ಥರ ಕಿಂಡಿ ಐತಲ್ಲ, ಬ್ಲೋವರ್ ಗಾಳಿ ಎಳ್ಕೊಳೋದು ಅಲ್ಲಿಂದ. ಅಲ್ಲಿ ಬಿದ್ದಿದ್ದೆಲ್ಲಾ ನೇರ ಇಲ್ಲಿಗೇ. ಪುರಿ ಬಿದ್ದೈತೆ, ವಾಸನೆಗೆ ಇಲಿ ಬಂದೈತೆ, ನಾರು ತಂದು ಗೂಡು ಕಟ್ಟೈತೆ. ಆಯುಧಪೂಜೆ ಆಗಿ ಎರಡು ತಿಂಗಳಿಗೆ ಇಂಥವು ನಾಲ್ಕೈದು ಬತ್ತವೆ ನಂತಾವ. ಹಬ್ಬ ಯಾರಿಗೋ, ವ್ಯಾಪಾರ ನಂಗೆ."

ಮಾವ ಒಂದು ಪುರಿಯನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದರು. ಅದರ ಒಂದು ಬದಿಯಲ್ಲಿ ಕುಂಕುಮದ ಕಲೆ ಇನ್ನೂ ಇತ್ತು. ನಿಧಾನವಾಗಿ ಅತ್ತೆಯ ಕಡೆ ತಿರುಗಿದರು.

"ಈ ಕಾರಿಗೆ ಆಯುಧಪೂಜೆ ಮಾಡ್ದೋಳು ನೀನೇ ತಾನೇ?"

"ಹೂಂ," ಎಂದರು ಅತ್ತೆ. "ಪೂಜೆ ಮಾಡ್ದೋಳು ನಾನೇ."

ಅಷ್ಟು ಹೇಳಿ ನೆಲಕ್ಕೆ ಬಿದ್ದ ಎಸಳೊಂದನ್ನು ಎತ್ತಿಕೊಂಡರು.

ನನಗೆ ಅರಸೀಕೆರೆಯ ನಮ್ಮ ಮನೆಯ ಮುಂದಿನ ಸಿಮೆಂಟು ನೆಲ ನೆನಪಾಯಿತು. ದಸರಾಕ್ಕೆ ಅತ್ತೆ ಕಾರು ಓಡಿಸಿಕೊಂಡು ತವರಿಗೆ ಬಂದಿದ್ದರು. ಬೆಳಗ್ಗೆ ನಾನು ಯಂತ್ರಕ್ಕೆ ಪೂಜೆ ಮಾಡುವುದರ ವಿರುದ್ಧ ಒಂದು ಸೊಗಸಾದ ಭಾಷಣ ಮಾಡಿದ್ದೆ. ಕಿವಿಯಿಲ್ಲದ ಕಬ್ಬಿಣಕ್ಕೆ ಕುಂಕುಮವೇಕೆ, ಎಣ್ಣೆ ಬದಲಾಯಿಸಿದರೆ ಅದೇ ಪೂಜೆ, ಇತ್ಯಾದಿ. ಅತ್ತೆ ಹೂವಿನ ಹಾರ ಕಟ್ಟುತ್ತಲೇ, "ವರ್ಷಕ್ಕೊಂದಿನ ಅದನ್ನ ಮುಟ್ಟಿ ಮುಟ್ಟಿ ತೊಳೆಯಕ್ಕೆ ಒಂದು ನೆಪ ಬೇಕಲ್ಲ ಕಣೇ," ಎಂದಿದ್ದರು. ಬಾನೆಟ್ಟಿನ ಮೇಲೆ ಅವರೇ ಐದು ನಿಮಿಷದಲ್ಲಿ ಪೂಜೆ ಮುಗಿಸಿ ಕಡ್ಲೆಪುರಿಯ ತಟ್ಟೆ ಇಟ್ಟರು. ಮಾರನೆಯ ದಿನ ತೊಳೆಯುವ ಕೆಲಸ, ವಾದದಲ್ಲಿ ಸೋತ ನನಗೆ ಬಂತು.

ಕಸದ ಬುಟ್ಟಿ ಹಿತ್ತಲಲ್ಲಿತ್ತು. ನೀರಿನ ಪೈಪು ಕೈಯಲ್ಲೇ ಇತ್ತು. ಎಸಳುಗಳನ್ನು ನೀರಿನ ರಭಸದಿಂದ ಬಾನೆಟ್ಟಿನ ಮೇಲಕ್ಕೆ, ಗಾಜಿನ ಬುಡಕ್ಕೆ ಅಟ್ಟಿದೆ. ಅಲ್ಲಿ ಒಂದು ಜಾಲರಿಯ ಕಿಂಡಿ ಕಂಡಿತು. ಹೂವನ್ನು ಅದು ಗಟಗಟ ನುಂಗಿತು. ತಟ್ಟೆಯಲ್ಲಿ ಮೆತ್ತಗಾಗಿ ಉಳಿದಿದ್ದ ಕಡ್ಲೆಪುರಿಯನ್ನೂ ಅದರ ಬಾಯಿಗೇ ಸುರಿದು ಪೈಪು ಬಿಟ್ಟೆ. ಕಸ ಹೋಗಲೆಂದೇ ದಾರಿ ಮಾಡಿದ ಆ ಇಂಜಿನಿಯರನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ ಕೂಡ. ಪೂಜೆಯನ್ನು ನಂಬದ ನಾನು ಒಂದು ಕಾರಿಗೆ ಅಕ್ಷರಶಃ ಪ್ರಸಾದ ತಿನ್ನಿಸಿದ್ದೆ.

ಚರ್ಚಾಸ್ಪರ್ಧೆಯಲ್ಲಿ ಸಮಯ ಮುಗಿಯುವ ಮುಂಚೆ ಒಂದು ಎಚ್ಚರಿಕೆಯ ಗಂಟೆ ಹೊಡೆಯುತ್ತಾರೆ. ಅದು ಕೇಳಿಸಿದಂತಾಯಿತು. ಸುಮ್ಮನಿರಬಹುದಿತ್ತು. ಮಾವನ ತಂತಿಯನ್ನೇ ಹಿಡಿದು ಜಗ್ಗಿದ್ದರೆ ಇನ್ನರ್ಧ ಗಂಟೆ ವಾದ ನಡೆಸುವಷ್ಟು ಸರಕಿತ್ತು. ಆದರೆ ಮಾವನ ಕೈ ಆಗಲೇ ಅತ್ತೆಯ ಮುಂದೆ ಚಾಚಿತ್ತು. ಕೀ ಕೇಳುವ ಕೈ.

"ಮಾವ," ಎಂದೆ. "ಪೂಜೆ ಅತ್ತೆದು. ಕಸ ನಂದು."

"ಏನು?"

"ತೊಳೆದೋಳು ನಾನು. ಆ ಕಿಂಡಿ ನೀರು ಹೋಗೋ ದಾರಿ ಅಂದ್ಕೊಂಡೆ. ಹೂವು, ಪುರಿ, ಎಲ್ಲಾ ಪೈಪಲ್ಲಿ ಅದರೊಳಗೇ ತಳ್ಳಿದೀನಿ. ಅತ್ತೆ ಕೈಯಿಂದ ಕೆಟ್ಟಿಲ್ಲ. ನನ್ನ ಕೈಯಿಂದ."

ಮಾವ ಪುರಿಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಗತೊಡಗಿದರು. ಕೆಮ್ಮು ಬಂದು, ಬ್ಯಾಟರಿಯ ಮೇಲೆ ಕೂತು, ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡು ಮತ್ತೆ ನಕ್ಕರು. "ಯಾರೇ ಆಗಿರ್ಲಿ, ನಾನು ಬಿಡಲ್ಲ ಅಂದ್ಯಲ್ಲವ್ವಾ. ಇಡ್ಕೊ ಈಗ. ಬಿಡಬ್ಯಾಡ."

"ಡಿಬೇಟಲ್ಲಿ ಹಿಂಗೆ ಒಪ್ಕೊಂಡ್ರೆ ಮಾರ್ಕ್ಸ್ ಕೊಡ್ತಾರೇನಮ್ಮಾ?" ಎಂದರು ಮೆಕ್ಯಾನಿಕ್ಕು.

"ಕಳೀತಾರೆ."

"ಅದಕ್ಕೇ ಯಾರೂ ಒಪ್ಕೊಳಲ್ಲ."

ಫ್ಯಾನನ್ನು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿ, ಮೋಟರಿನ ಎರಡು ವೈರನ್ನು ನೇರವಾಗಿ ಬ್ಯಾಟರಿಗೆ ತಾಗಿಸಿದರು. ಅದು ಜೋರಾಗಿ ತಿರುಗಿ, ಕೊನೆಗೆ ಉಳಿದಿದ್ದ ಎಸಳುಗಳನ್ನು ಮಾವನ ಅಂಗಿಯ ಮೇಲೆ ಎರಚಿತು. ಕರಗಿದ ಪ್ಲಗ್ಗು ತೆಗೆದು ಬೇರೆ ಹಾಕಿದರು. ತಂತಿ ಸುತ್ತಿದ ಫ್ಯೂಸಿನ ಜಾಗಕ್ಕೆ ಹಳದಿ ಬಣ್ಣದ ಹೊಸ ಫ್ಯೂಸು. ಕಿಂಡಿಯ ಒಳಗಡೆ ಕಿಟಕಿಯ ಸೊಳ್ಳೆ ಜಾಲರಿಯ ತುಂಡೊಂದನ್ನು ಕತ್ತರಿಸಿ ಕೂರಿಸಿದರು. ತಮ್ಮ ತಾಮ್ರದ ತಂತಿಯನ್ನು ಮಾವ ವಾಪಸು ಕೇಳಿದಾಗ ಅವರು ಕೊಡಲಿಲ್ಲ. ಬದಲಿಗೆ ಎರಡು ಹಳದಿ ಫ್ಯೂಸು ಕೊಟ್ಟರು. ಮಾವ ಅವನ್ನು ಅಂಗಿಯ ಜೇಬಿಗೆ, ನಾಲ್ಕು ದಿನ ಕೀ ಇದ್ದ ಜಾಗಕ್ಕೆ ಹಾಕಿಕೊಂಡರು. ಕೀ ಕಾರಿನಲ್ಲೇ ಇತ್ತು. ಅದನ್ನು ಅವರು ಕೇಳಲಿಲ್ಲ.

ಬಾಣಾವರಕ್ಕೆ ಅಲ್ಲಿಂದಲೇ ಫೋನು ಮಾಡಿದರು. "ಬರಬ್ಯಾಡ್ರಪ್ಪ. ಕಾರು ಕೊಡಕ್ಕಿಲ್ಲ… ಅಯ್ಯೋ ಮೆದೆ ಇಷ್ಯ ಅಲ್ಲ ಕಣ್ರೀ. ಅದಕ್ಕೆ ನಮ್ಮುಡುಗಿ ಕಡ್ಲೆಪುರಿ ತಿನ್ಸವ್ಳೆ. ಹೂಂ, ಲಾ ಓದ್ತಾ ಅವ್ಳೆ." ಈ ಕಥೆ ಈಗ ಎಲ್ಲಿ ಎಷ್ಟು ಬೆಳೆದಿದೆಯೋ ಗೊತ್ತಿಲ್ಲ. ಹೋದ ತಿಂಗಳ ಒಂದು ಮದುವೆಯಲ್ಲಿ ಪುರಿ ಮೂಟೆಯ ಲೆಕ್ಕಕ್ಕೆ ಬಂದಿತ್ತು. ಆದರೆ ಮೆದೆಯ ಕಥೆಯೂ ನಿಂತಿಲ್ಲ. ಜನ ಹೊಸದನ್ನು ಸೇರಿಸಿಕೊಳ್ಳುತ್ತಾರೆ, ಹಳೆಯದನ್ನು ತೆಗೆಯುವುದಿಲ್ಲ.

ಸೋಮವಾರ ಬೆಳಗ್ಗೆ ಅತ್ತೆಯ ಜೊತೆ ಗೆಂಡೆಹಳ್ಳಿ ದಾರಿಯಲ್ಲಿ ನಾನೂ ಹೋದೆ. ಟೀಚರುಗಳಿಬ್ಬರೂ ಆ ಒಂದು ದಿನ ಹಳೇಬೀಡಿನ ಬದಲು ಬೇಲೂರಿನಲ್ಲಿ ಹತ್ತುವವರಿದ್ದರು, ಅಲ್ಲಿಯವರೆಗೆ ನಾವಿಬ್ಬರೇ. ಮಾವ ಬಾಗಿಲಿನವರೆಗೆ ಬಂದು, ಹೊಸ ಚಪ್ಪಲಿಯಲ್ಲಿ ನಿಂತು, "ನಿಧಾನ," ಎಂದಷ್ಟೇ ಹೇಳಿದರು. ಮಂಜು ಅವತ್ತಿನದಕ್ಕಿಂತ ದಟ್ಟವಾಗಿತ್ತು. ಕಿಟಕಿ ಏರಿಸಿದೆವು. ಗಾಜು ಮಸುಕಾಗತೊಡಗಿತು. ಅತ್ತೆ ಗುಂಡಿಯನ್ನು ಎರಡಕ್ಕೆ ತಿರುಗಿಸಿದರು. ತೊಳೆದ ಸ್ಲೇಟು ಬಿಸಿಲಿಗೆ ಒಣಗುವ ಹಾಗೆ ಗಾಜು ಬುಡದಿಂದ ಮೇಲಕ್ಕೆ ತಿಳಿಯಾಗುತ್ತ ಹೋಯಿತು. ರಸ್ತೆ ತಿರುಗಿತು, ಅತ್ತೆಯೂ ತಿರುಗಿಸಿದರು. ಪಕ್ಕದ ಹೊಲದಲ್ಲಿ ಮೆದೆ ಇತ್ತು. ನನ್ನ ಭುಜದಷ್ಟು ಎತ್ತರ, ಹೆಚ್ಚಿಲ್ಲ.

ಅದನ್ನು ದಾಟಿದ ಮೇಲೆ ನನಗೊಂದು ಸಂಗತಿ ಕೊರೆಯಲು ಶುರುವಾಯಿತು. ಆ ದಿನ ನಾನು ಕಾರು ತೊಳೆಯುವಾಗ ಅತ್ತೆ ನಮ್ಮ ಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದರು. ಕಟಕಟ ಸದ್ದು ದಸರಾ ಆದ ಮೇಲೆ ಶುರುವಾಯಿತು ಎಂದು ಖಚಿತವಾಗಿ ಹೇಳಿದವರೂ ಅವರೇ. ಎರಡು ಸಂಖ್ಯೆ ಸಿಕ್ಕಿದರೆ ಮೂರನೆಯದನ್ನು ಕಂಡುಹಿಡಿಯುವುದು ಅವರ ಕೆಲಸ. ಅಷ್ಟು ನೆಂಟರಿದ್ದರೂ ಫೋನು ಮಾಡಿದ್ದು ನನಗೆ. ಮೆಕ್ಯಾನಿಕ್ಕಿನ ಮುಂದೆ "ಪೂಜೆ ಮಾಡ್ದೋಳು ನಾನೇ" ಎಂದು ಅಲ್ಲಿಗೇ ನಿಲ್ಲಿಸಿದ್ದರು.

"ಅತ್ತೆ, ಒಂದು ಮಾತು ಕೇಳ್ಲಾ?"

ಅವರು ಗುಂಡಿಯನ್ನು ಎರಡರಿಂದ ನಾಲ್ಕಕ್ಕೆ ತಿರುಗಿಸಿದರು. ಕಾರಿನ ತುಂಬ ಗಾಳಿಯ ಸದ್ದು. ಗಾಜಿನಲ್ಲಿ ಮಂಜಿನ ಒಂದು ಚುಕ್ಕೆಯೂ ಉಳಿದಿರಲಿಲ್ಲ. ನಾಲ್ಕರ ಅಗತ್ಯ ಏನೇನೂ ಇರಲಿಲ್ಲ. ನಾನು ದನಿ ಏರಿಸಿ ಕೇಳಿದೆ:

"ಅವತ್ತು ನಾನು ಆ ಕಿಂಡಿಗೆ ಕಡ್ಲೆಪುರಿ ಸುರೀತಿದ್ದಾಗ ನೀವು ಬಾಗಿಲಲ್ಲೇ ನಿಂತಿದ್ರಲ್ಲ, ಎಲ್ಲಾ ಗೊತ್ತಿದ್ದೇ ನನ್ನ ಕರೆಸಿದ್ರಾ?"